16,800 ರೂಪಾಯಿ ಇಲಕಲ್ ಜಾಕೆಟ್ಟು, ಒಳಗ ಪಾಲಿಸ್ಟರ್ ಅಸ್ತರು

ಮೊದಲ ಹೇಳಿಬಿಡ್ತೀನಿ, ಅಂಗಡಿ ಹೆಸರು ಹಾಕಂಗಿಲ್ಲ, ಕಾಮೆಂಟ್‌ನಾಗ ಕೇಳಬ್ಯಾಡ್ರಿ. ಹುಬ್ಬಳ್ಳ್ಯಾಗ ಈಗ ಹೊಸಾ ನಮೂನಿ ಬುಟಿಕ್ ಶುರು ಆಗ್ಯಾವಲ್ಲ, ಅಷ್ಟ ದೊಡ್ಡ ರೂಮಿನ್ಯಾಗ ಹತ್ತ ಬಟ್ಟಿ ನೇತಾಕಿ, ನಡುವ ಒಂದು ಹಿತ್ತಾಳಿ ಹಂಡೆ ಇಟ್ಟು, ಅದ್ರಾಗ ಒಣಾ ಹುಲ್ಲು ಚುಚ್ಚಿ, ಸಣ್ಣಗೆ ಸಿತಾರ್ ಹಚ್ಚಿರ್ತಾರ, ಅಂಥಾದ್ದೊಂದು. ಚಿಗವ್ವನ ಮಗಳ ಲಗ್ನಕ್ಕ ಸೀರಿ ಬ್ಯಾಡ, ಬ್ಯಾರೆ ಏನರೆ ಉಟ್ಕೊಬೇಕು ಅಂತ ಹೋದಾಕಿ ನಾನು. ವಾಪಸ್ ಬರೂದ್ರಾಗ 16,800 ರೂಪಾಯಿ ಕೊಟ್ಟು ಒಂದು ಉದ್ದನ ಜಾಕೆಟ್ ತಗೊಂಡು ಬಂದಿದ್ದೆ. ಮನ್ಯಾಗ ಎಂಟು ಸಾವಿರ ಅಂತ ಹೇಳೀನಿ, ಇದನ್ನ ಓದಿದ್ಮ್ಯಾಲೆ ಗೊತ್ತಾಗ್ತದ, ಆಗ್ಲಿ ಬಿಡ್ರಿ.

ಜಾಕೆಟ್ ಏನಪಾ ಅಂದ್ರ ಹಳೇ ಇಲಕಲ್ ಸೀರಿ ಕತ್ತರಿಸಿ ಹೊಲದದ್ದು, ಕೊರಳಪಟ್ಟಿಗೂ ತೋಳಿನ ತುದಿಗೂ ಕಸೂತಿ. ಜೋಡಿ ಒಂದು ದಪ್ಪನ ಕಾರ್ಡು, ಕೈಯಾಗ ಮಾಡಿದ ಕಾಗದ, ಮುಟ್ಟಿದ್ರ ಖರೇನ ಮಸ್ತ್ ಅನಸ್ತದ. ಅದರ ಮ್ಯಾಲೆ ಸಸ್ಟೇನಬಲ್ ಲಕ್ಷುರಿ, ವೇರೆಬಲ್ ಆರ್ಟ್, ಅಪ್‌ಸೈಕಲ್ಡ್, ಝೀರೋ ವೇಸ್ಟ್, ನ್ಯಾಚುರಲ್ ಡೈ, ಪ್ಲಾಸ್ಟಿಕ್ ಫ್ರೀ, ಹಂಡ್ರೆಡ್ ಪರ್ಸೆಂಟ್ ಹ್ಯಾಂಡ್‌ಮೇಡ್, ಇಷ್ಟೂ ಒಂದ ಕಾರ್ಡಿನ್ಯಾಗ. ನಮ್ಮ ಲಗ್ನಪತ್ರಿಕಾದಾಗೂ ಇಷ್ಟ ಹೆಸರು ಇರಂಗಿಲ್ಲ.

ಈಗ ಚಲೋದು ಮೊದಲ ಹೇಳ್ತೀನಿ, ಯಾಕಂದ್ರ ಚಲೋದು ಭಾಳ ಐತಿ. ಡಿಸೈನ್ ಮಾಡಿದವ್ರು ಯಾರೋ ಏನೋ, ತಲಿ ಇದ್ದವ್ರು. ಮೈ ಕರೀದು, ಬೆನ್ನಿನ ಮ್ಯಾಲೆ ಪೂರಾ ಕೆಂಪ ಸೆರಗು ಬರೂ ಹಂಗ ಕತ್ತರಿಸ್ಯಾರ. ಇಲಕಲ್ ಸೆರಗಂದ್ರ ನಿಮಗ ಗೊತ್ತ ಐತಲ್ಲ, ಕೆಂಪು ರೇಶಿಮಿ ಮ್ಯಾಲೆ ಬಿಳೇ ತೋಪ ತೆನಿ, ಬಾಚಣಿಕಿ ಹಲ್ಲಿನಂಗ, ಕೋಟಿ ಗ್ವಾಡಿ ಮ್ಯಾಲಿನ ತೆನಿ ಹಂಗ ಸಾಲಾಗಿ ನಿಂತಿರ್ತಾವು. ಸೀರಿ ಉಟ್ಟಾಗ ಅದು ಹೆಗಲ ಮ್ಯಾಲೆ ಮಡಚಿ ಅರ್ಧ ಕಾಣಂಗಿಲ್ಲ. ಇಲ್ಲೆ ಅದನ್ನ ಒಂದು ಚಿತ್ರದಂಗ ಬೆನ್ನಿಗೆ ಹರಡ್ಯಾರ. ಲಗ್ನದಾಗ ನಾನು ಮುಂದ ನಡಕೋತ ಹೋದ್ರ ಹಿಂದಿನಿಂದ ಮೂರು ಮಂದಿ ಕರದು ಕೇಳಿದ್ರು. ಅಂಚಿನ ಚಿಕ್ಕಿ ಪಾರಸ ಇಡೀ ಜಾಕೆಟ್ಟಿನ ಮುಂದಿನ ಪಟ್ಟಿಗೆ ಬಂದದ, ಎರಡೂ ಕಡೆ ಚಿಕ್ಕಿ ಒಂದಕ್ಕೊಂದು ಸರಿ ಕೂಡಿದಾವು, ಒಂದ ನೂಲು ಕೂಡ ಆಚೀಚೆ ಇಲ್ಲ. ಕತ್ರಿ ಹಿಡದವ್ರ ಕೈ ಅಗದಿ ಪಳಗಿದ್ದು. ಗುಂಡಿನೂ ಪ್ಲಾಸ್ಟಿಕ್ ಅಲ್ಲ, ಉಳದ ತುಣುಕಿನ್ಯಾಗ ಕಟ್ಟಿದ ಬಟ್ಟಿ ಗುಂಡಿ. ಇನ್ನೂ ಉಳದ ತುಣುಕಿನ್ಯಾಗ ಸಣ್ಣ ಚೀಲ ಮಾಡಿ ಅದ್ರಾಗ ಜಾಕೆಟ್ ಹಾಕಿ ಕೊಟ್ಟಾರ. ಇದಕ್ಕ ನಾ ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ಆದ್ರ ಒಂದು ಎಡವಟ್ಟು. ಇಲಕಲ್ ಸೀರಿ ನೇಯೂದ್ರಾಗ ಒಂದು ಗುಟ್ಟೈತಿ, ಮೈಯಿನ ಹಾಸು, ಅಂದ್ರ ಉದ್ದಕ್ಕ ಹಾಕೂ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಮೈ ಹತ್ತಿದು ಇದ್ರೂ ಸೆರಗು ರೇಶಿಮಿದು ಇರ್ತದ, ಇವೆರಡನ್ನೂ ಎಳಿ ಎಳಿ ಕೊಂಡಿ ಹಾಕಿ ಕೂಡಸ್ತಾರ. ಅದಕ್ಕ ಒಂದೊಂದು ಸೀರಿಗೂ ಹಾಸು ಹೊಸದಾಗಿ ಕೂಡಸಬೇಕು, ಥಾನ್‌ಗಟ್ಟಲೆ ನೇದು ಕತ್ತರಿಸಿಕೊಡೂ ಮಾಲಲ್ಲ ಅದು. ಹೊಸಾ ಸೀರ್‍ಯಾಗ ಆ ಕೊಂಡಿ ಗಟ್ಟಿ. ಮೂವತ್ತು ವರ್ಷ ಉಟ್ಟು ಒಗದ ಸೀರ್‍ಯಾಗ ಅಲ್ಲೇ ಮೊದಲ ಸೋಲೋದು, ಇದು ನಮ್ಮ ಅಜ್ಜಿ ಕಾಲದ ಹೆಣ್ಮಕ್ಕಳಿಗೆಲ್ಲಾ ಗೊತ್ತಿದ್ದ ಮಾತು. ಇವರು ಆ ಜೋಡಣಿ ತಂದು ಸರಿಯಾಗಿ ನಡದ ಮ್ಯಾಲೆ ಇಟ್ಟಾರ, ಕುಂತ್ರ ಎದ್ರ ಎಳೀತದ. ಎರಡ ಸಲ ಹಾಕ್ಕೊಂಡಿದ್ದಕ್ಕ ಎಡಗಡೆ ಎರಡ ಬಟ್ಟು ಅಗಲ ಸಡ್ಲ ಆತು. ನೋಡಾಕ ಚೆಂದ ಕಾಣ್ಲಿ ಅಂತ ಇಟ್ಟದ್ದು, ಬಟ್ಟಿ ಗುಣ ಕೇಳಿ ಇಟ್ಟದ್ದಲ್ಲ.

ಖರೇ ರಿವ್ಯೂ ಮಾಡಿದಾಕಿ ನಾನಲ್ಲ, ಅವ್ವ. ಲಗ್ನದ ಹಿಂದಿನ ದಿನ ಧಾರವಾಡದ ಮನ್ಯಾಗ ಜಾಕೆಟ್ ತಗದು ತೋರಿಸಿದೆ. ಬೆಲಿ ಕೇಳ್ಲಿಲ್ಲ, ಚೆಂದೈತಿ ಅನ್ನಲಿಲ್ಲ, ಕೊರಳಪಟ್ಟಿ ಹಿಡದು ಉಲ್ಟಾ ಮಾಡಿದ್ಲು. ಕಸೂತಿ ಗೊತ್ತಿದ್ದವ್ರು ಮೊದಲ ಮಾಡೂ ಕೆಲಸ ಅದು. ಗವಂತಿ ಹೊಲಿಗಿ, ಮುರ್ಗಿ ಹೊಲಿಗಿ ಇವೆರಡಕ್ಕ ಹಿಂದು ಮುಂದು ಅಂತ ಇಲ್ಲ, ಎರಡೂ ಕಡೆ ಒಂದ ಥರ ಕಾಣಬೇಕು. ದಾರ ಹೋದ ದಾರ್‍ಯಾಗ ವಾಪಸ್ ಬಂದು ಖಾಲಿ ಉಳದ ಜಾಗಾ ತುಂಬ್ಕೋತ ಬರ್ತದ, ಎಲ್ಲೂ ಗಂಟು ಹಾಕೂದಿಲ್ಲ, ಬಟ್ಟಿ ಮ್ಯಾಲೆ ಪೆನ್ಸಿಲ್ಲಿನ್ಯಾಗ ಚಿತ್ರ ಬರಕೊಳ್ಳೂದೂ ಇಲ್ಲ, ನೂಲಿನ ಎಳಿ ಎಣಿಸಿ ಎಣಿಸಿ ಸೂಜಿ ಚುಚ್ಚೋದು. ಗೋಪುರ, ತೇರು, ತುಳಸಿಕಟ್ಟಿ, ಆನಿ ಅಂಬಾರಿ ಎಲ್ಲಾ ಹಂಗ ಎಣಿಕಿ ಮ್ಯಾಲೆ ಬರ್ತಾವು, ಒಂದ ಎಳಿ ತಪ್ಪಿತಂದ್ರ ಆನಿ ಸೊಂಡ್ಲು ಬಾಲಕ್ಕ ಹೋಗಿ ಕೂಡ್ತದ. ನೇಯ್ಗಿ, ಮೆಂತೆ ಹೊಲಿಗಿಗೆ ಈ ಲೆಕ್ಕ ಇಲ್ಲ, ಅವಕ್ಕ ಹಿಂದಿನ ಮಗ್ಗಲ ಬ್ಯಾರೆ ಕಾಣ್ತದ. ಕೊರಳಪಟ್ಟಿ ತುಂಬ ಗವಂತಿ ಗೋಪುರ ಇತ್ತು, ಅವ್ವ ಚಷ್ಮಾ ಹಾಕ್ಕೊಂಡು ನೋಡಿದ್ಲು, ಹಿಂದ ಮುಂದ ಒಂದ ಥರ, ಎಲ್ಲೂ ಗಂಟಿಲ್ಲ. "ಇದನ್ನ ಮಾಡಿದಾಕಿ ಕೈ ತೊಳಕೊಂಡು ಕುಂತು ಮಾಡ್ಯಾಳ" ಅಂದ್ಲು. ಅವ್ವನ ಬಾಯಾಗ ಅದಕ್ಕಿಂತ ದೊಡ್ಡ ಹೊಗಳಿಕಿ ಇಲ್ರಿ.

ಆಮ್ಯಾಲೆ ತೋಳು ತಿರುಗಿಸಿದ್ಲು.

ತೋಳಿನ ಕಸೂತಿ ಹಿಂದ ಬಿಳೇ ಬಾಬಿನ್ ದಾರ, ನಡುನಡುವ ಕಾಗದದಂಥಾ ಗಟ್ಟಿ ತುಣುಕು ಹಂಗ ಉಳದಾವು, ಮುಂದ ನೋಡಿದ್ರ ನವಿಲು, ಹಿಂದ ನೋಡಿದ್ರ ಬರೇ ಗೋಜಲು. ಮಶಿನ್. ಮಶಿನ್ನಿನ ಮ್ಯಾಲೆ ನನಗೇನೂ ಸಿಟ್ಟಿಲ್ಲ, ಹುಬ್ಬಳ್ಳ್ಯಾಗ ಮಶಿನ್ ಎಂಬ್ರಾಯ್ಡರಿ ಬ್ಲೌಸ್ ಪೀಸು ಅಗ್ಗಕ್ಕ ಸಿಗ್ತಾವು, ನಾನೂ ಹಾಕ್ಕೋತೀನಿ. ಆದ್ರ ಕಾರ್ಡಿನ ಮ್ಯಾಲೆ ಹಂಡ್ರೆಡ್ ಪರ್ಸೆಂಟ್ ಅಂತ ಬರದು ಕೊರಳಿಗೊಂದು ತೋಳಿಗೊಂದು ಮಾಡಿದ್ರ ಹೆಂಗ? ಕಸೂತಿಗೆ ಜಿಐ ಟ್ಯಾಗ್ ಐತಿ, ಅಂದ್ರ ಇದು ಇಂಥಾ ಸೀಮಿದು ಅಂತ ಸರಕಾರ ಕೊಡೂ ಗುರುತು, ಆ ಹೆಸರು ಕೈಯಾಗ ಎಳಿ ಎಣಿಸಿ ಹಾಕಿದ್ದಕ್ಕ. ನವಿಲಿನ ಚಿತ್ರ ಇದ್ದ ಮಾತ್ರಕ್ಕ ಕಸೂತಿ ಆಗಂಗಿಲ್ಲ.

ಇಷ್ಟಾದ್ಮ್ಯಾಲೆ ನನಗೂ ಸಂಶೇ ಹೊಕ್ಕಿತು. ಒಳಗಿನ ಅಸ್ತರು ನುಣುಪಾಗಿ ಜಾರ್ತಿತ್ತು, ಲಗ್ನದ ದಿನ ಮಂಟಪದಾಗ ಬೆವರಿ ಬೆನ್ನಿಗೆ ಅಂಟ್ಕೊಂಡಿತ್ತು. ಹೊಲಿಗಿ ಒಳಗಿಂದ ನಾಕು ಎಳಿ ಕಿತ್ತು ದೀಪಕ್ಕ ಹಿಡದು ನೋಡಿದೆ. ಇದು ಯಾರು ಬೇಕಾದ್ರೂ ಮನ್ಯಾಗ ಮಾಡಬಹುದು: ಹತ್ತಿ ಆದ್ರ ಕಾಗದ ಸುಟ್ಟ ವಾಸನಿ ಬಂದು ಮೆತ್ತನ ಬೂದಿ ಉಳೀತದ, ರೇಶಿಮಿ ಆದ್ರ ಕೂದ್ಲ ಸುಟ್ಟ ವಾಸನಿ, ಪಾಲಿಸ್ಟರ್ ಆದ್ರ ಉರಿಯೂಕಿಂತ ಮೊದಲ ಕರಗಿ ಮುದುಡಿ ಕರೀ ಮಣಿ ಆಗ್ತದ. ನಂದು ಮಣಿ ಆತು. ಪಾಲಿಸ್ಟರ್ ಅಂದ್ರ ಏನು, ನೀರಿನ ಬಾಟ್ಲಿ ಮಾಡ್ತಾರಲ್ಲ ಅದ ಪೆಟ್ ಪ್ಲಾಸ್ಟಿಕ್ಕು, ಎಳಿ ಎಳದದ್ದು ಅಷ್ಟ. ಪ್ಲಾಸ್ಟಿಕ್ ಫ್ರೀ ಅಂದಿದ್ದು ಬಹುಶಃ ಕೈಚೀಲಕ್ಕ ಇರಬೇಕು.

ಇನ್ನ ನ್ಯಾಚುರಲ್ ಡೈ ಅನ್ನೂದಂತೂ ನನಗ ತಿಳೀಲೇ ಇಲ್ಲ. ಹಳೇ ಸೀರಿ ಅಂದ್ಮ್ಯಾಲೆ ಅದಕ್ಕ ಯಾವಾಗೋ ಯಾರೋ ಬಣ್ಣ ಹಾಕಿ ಮುಗದೈತಿ, ಅದು ಮಂಜಿಷ್ಠದ ಬೇರಿನ ಕೆಂಪೋ ಪ್ಯಾಕೆಟ್ಟಿನ ಕೆಂಪೋ ಇವರಿಗೆ ಹೆಂಗ ಗೊತ್ತಾಗ್ತದ? ಬಿಳೇ ಕರ್ಚಿಫ್ ಒದ್ದಿ ಮಾಡಿ ಬೆನ್ನಿನ ಕೆಂಪಿನ ಮ್ಯಾಲೆ ತಿಕ್ಕಿದೆ, ಗುಲಾಬಿ ಆತು. ಅಂದ್ರ ಬಣ್ಣ ಬಿಡ್ತದ, ಡ್ರೈ ಕ್ಲೀನಿಂಗ್ ಬಿಟ್ಟು ಗತಿ ಇಲ್ಲ, ಆ ಡ್ರೈ ಕ್ಲೀನಿಂಗ್ ಸಾಲ್ವೆಂಟ್ ಪರಿಸರಕ್ಕ ಎಷ್ಟ ಒಳ್ಳೇದು ಅನ್ನೂದು ಕಾರ್ಡಿನ್ಯಾಗ ಬರದಿಲ್ಲ. ಬಣ್ಣದ ವಿಷಯದಾಗ ಖರೇ ಹೊಸ್ತನ ನೋಡಬೇಕಂದ್ರ ನಮ್ಮ ಧಾರವಾಡ ಕೃಷಿ ಮೇಳಕ್ಕ ಹೋಗ್ರಿ. ನಮ್ಮ ಕೃಷಿ ವಿಶ್ವವಿದ್ಯಾಲಯದವ್ರು ಗಿಡದಾಗ ಕಂದು ಬಣ್ಣದ್ದ ಬಿಡೂ ದೇಸಿ ಹತ್ತಿ ತಳಿ ಮಾಡ್ಯಾರ, ಡಿಡಿಸಿಸಿ ಒಂದು ಅಂತ, ಬಿಡಿಸಿದ್ರ ಚಾಕ್ಕ ಹಾಲು ಹಾಕಿದಂಗ ಕಂದು, ಬಣ್ಣ ಹಾಕೂ ಕೆಲಸನ ಇಲ್ಲ, ನೀರೂ ಬ್ಯಾಡ ರಾಸಾಯನಿಕನೂ ಬ್ಯಾಡ. ಎಳಿ ಗಿಡ್ಡು, ಬೆಳಿಯೋರು ಕಡಿಮಿ, ಅದಕ್ಕ ಅಂಗಡ್ಯಾಗ ಸಿಗೂದು ಅಪರೂಪ. ಯಾರರೆ ಡಿಸೈನರ್ ಅದರ ಒಂದು ಅಸ್ತರು ಹಾಕಿ ಕೊಟ್ಟಿದ್ರ ಇಪ್ಪತ್ತು ಸಾವಿರ ಕೊಡ್ತಿದ್ದೆ, ಮನ್ಯಾಗ ಹತ್ತು ಅಂತಿದ್ದೆ.

ಅಪ್‌ಸೈಕಲ್ ಅನ್ನೂ ಶಬ್ದ ಕೇಳಿ ಅವ್ವ ನಕ್ಕಿದ್ದು ಇನ್ನೂ ಕಿವ್ಯಾಗ ಐತಿ. "ಅಂದ್ರ ಕೌದಿ" ಅಂದ್ಲು. ಹೌದಲ್ಲ! ನಮ್ಮ ಕಡೆ ಯಾವ ಮನ್ಯಾಗ ಸೀರಿ ಹರದ್ರ ಬಿಸಾಕ್ತಿದ್ರು ಹೇಳ್ರಿ? ಸೀರಿ ಹಳೇದಾದ್ರ ಕೂಸಿನ ತೊಟ್ಲಕ್ಕ, ಅಲ್ಲಿಂದ ಕೌದಿಗೆ, ಕೌದಿ ಹರದ್ರ ಇನ್ನೊಂದು ಕೌದಿ ಹೊಟ್ಟಿಗೆ, ಕಡೀಕ ಒಲಿ ಮ್ಯಾಲಿನ ಮಸಿ ಅರಿವಿ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಮಕ್ಕಳು ಹೊಲಿಯೂ ಕವಂದಿ ಈಗ ಪರದೇಶದ ಪ್ರದರ್ಶನಕ್ಕ ಹೋಗಿ ಗ್ವಾಡಿ ಮ್ಯಾಲೆ ತೂಗ್ಯಾವು, ಅದನ್ನ ಜನ ನಿಂತು ಪೇಂಟಿಂಗ್ ನೋಡಿದಂಗ ನೋಡ್ತಾರ. ನಮ್ಮ ಅಜ್ಜಿ ಕೌದಿ ಮಾತ್ರ ಗದಗಿನ ಮನಿ ಅಟ್ಟದ ಮ್ಯಾಲೆ ಇಲಿ ಜೋಡಿ ಮಲಗೈತಿ. ಕೌದಿಗೂ ಆಗದ ರೇಶಿಮಿ ಸೆರಗಿನ ಸೀರಿ ಇದ್ರ ಭಾಂಡೆ ಮಾರಾಕಿ ಬರ್ತಿದ್ಲು, ಹಳೇ ಅರಿವಿಗೆ ಸ್ಟೀಲ್ ಭಾಂಡೆ. ನಾ ಸಣ್ಣಾಕಿ ಇದ್ದಾಗ ಅವ್ವ ಮೂರು ಇಲಕಲ್ ಸೀರಿ ಕೊಟ್ಟು ಒಂದು ಮುಚ್ಚಳ ಇಲ್ಲದ ಡಬ್ಬಿ ತಗೊಂಡಿದ್ದು ನನಗ ನೆನಪೈತಿ, ಆ ಡಬ್ಬ್ಯಾಗ ಈಗೂ ಶೇಂಗಾ ಇರ್ತಾವು.

ಇದರ ಎದುರಿಗೆ ದೊಡ್ಡ ಬ್ರ್ಯಾಂಡಿನವ್ರ ಕಥಿ ಕೇಳ್ರಿ. ಬರ್ಬೆರಿ ಅನ್ನೂ ಬ್ರಿಟನ್ನಿನ ಕಂಪನಿ ಒಂದು ವರ್ಷದಾಗ 28.6 ಮಿಲಿಯನ್ ಪೌಂಡಿನ ಮಾಲು, ನಮ್ಮ ರೊಕ್ಕದಾಗ 250 ಕೋಟಿ ಮ್ಯಾಲಾತು, ಮಾರಾಟ ಆಗದ್ದನ್ನ ನಾಶ ಮಾಡೇತಿ ಅಂತ 2018ರಾಗ ಸುದ್ದಿ ಆತು. ಅಗ್ಗಕ್ಕ ಮಾರಿದ್ರ ಹೆಸರು ಕೆಡ್ತದಂತ, ಅದಕ್ಕ. ಗದ್ದಲ ಆದ್ಮ್ಯಾಲೆ ಅದ ವರ್ಷ ಸೆಪ್ಟೆಂಬರ್‌ದಾಗ ಇನ್ನ ಸುಡಂಗಿಲ್ಲ ಅಂತ ಹೇಳಿದ್ರು. ಫ್ರಾನ್ಸ್‌ದವ್ರು 2020ರಾಗ ಹಿಂಗ ನಾಶ ಮಾಡಬಾರ್ದು ಅಂತ ಕಾಯ್ದೆನ ಮಾಡಿದ್ರು. ಅಂದ್ರ ಲಕ್ಷುರಿ ಅನ್ನೂದು ಭಾಳ ಮಂದಿಗೆ ಸಿಗಬಾರ್ದು ಅನ್ನೂದ್ರ ಮ್ಯಾಲೆ ನಿಂತದ್ದು, ಸಸ್ಟೇನಬಲ್ ಅನ್ನೂದು ಯಾವುದೂ ಹಾಳಾಗಬಾರ್ದು ಅನ್ನೂದ್ರ ಮ್ಯಾಲೆ. ಎರಡನ್ನೂ ಒಂದ ಕಾರ್ಡಿನ ಮ್ಯಾಲೆ ಬರದ್ರ ಅವು ಒಳಗೊಳಗ ಜಗಳಾಡ್ತಾವು. ನನ್ನ ಜಾಕೆಟ್ಟಿನ್ಯಾಗ ಆ ಜಗಳ ಅಸ್ತರಿನ ಮಟಾ ಬಂದದ.

ಸರಿ, ವಾಪಸ್ ಅಂಗಡಿಗೆ ಹೋದೆ. ಸೇವಾದ ಬಗ್ಗೆ ಬರೀಬೇಕಲ್ಲ. ಕೌಂಟರಿನ್ಯಾಗಿನ ಹುಡುಗಿ ಭಾಳ ಮರ್ಯಾದಿಂದ ಕುಂಡ್ರಿಸಿ ಲಿಂಬಿಹುಲ್ಲಿನ ಚಾ ಕೊಟ್ಟಳು. ತೋಳಿನ ಹಿಂದಿನ ಮಗ್ಗಲ ತೋರಿಸಿದೆ. "ಮೇಡಂ, ಅದು ಮಶಿನ್ ಅಸಿಸ್ಟೆಡ್ ಹ್ಯಾಂಡ್‌ಮೇಡ್" ಅಂದಳು. ನಾನು ವಿಮಾ ಆಫೀಸಿನ್ಯಾಗ ಹನ್ನೊಂದು ವರ್ಷದಿಂದ ಕೆಲಸ ಮಾಡಾಕಿ, ಇಂಥಾ ಶಬ್ದ ದಿನಾ ನಾನ ಹೇಳ್ತೀನಿ, ನನಗ ಹೇಳಿದ್ರ ಹೆಂಗ ತಂಗಿ ಅಂದೆ, ನಕ್ಕಳು. ಅಸ್ತರಿಗೆ "ಫಾಲ್ ಚಲೋ ಬರ್ಲಿ ಅಂತ" ಅಂದಳು. ರಿಟರ್ನ್ ಇಲ್ಲ, ಎಕ್ಸ್‌ಚೇಂಜ್ ಇಲ್ಲ, ಒಂದ ಪೀಸ್ ಒಂದ ಇರ್ತದ ಅಂತ. ನಡದ ಹೊಲಿಗಿ ಮಾತ್ರ ಪುಕ್ಕಟ ಸರಿ ಮಾಡಿಕೊಟ್ರು, ಒಳಗ ಒಂದು ಪಟ್ಟಿ ಇಟ್ಟು ಹೊಲದಾರ, ಐದ ದಿನ ಅಂದವ್ರು ನಾಕ ದಿನಕ್ಕ ಕೊಟ್ರು, ಕೆಲಸ ಗಟ್ಟಿ ಆಗೇತಿ. ಅದನ್ನೂ ಬರೀಬೇಕು, ಬರದೀನಿ.

ಕೊನೀಗೆ ಕೇಳಿದೆ, ಕೊರಳಪಟ್ಟಿ ಕಸೂತಿ ಹಾಕಿದವ್ರು ಯಾರು? "ನಮ್ಮ ಆರ್ಟಿಸನ್ಸ್" ಅಂದಳು. ಹೆಸರು? "ಅವರು ಕ್ಲಸ್ಟರ್‌ದಾಗ ಇರ್ತಾರ ಮೇಡಂ."

ಈ ಕ್ಲಸ್ಟರ್ ಅನ್ನೂ ಊರು ಎಲ್ಲಿ ಬರ್ತದೋ, ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನಿಂದ ಅಲ್ಲಿಗೆ ಬಸ್ ಐತೋ ಇಲ್ಲೋ. ವೇರೆಬಲ್ ಆರ್ಟ್ ಅಂತೀರಿ, ಆರ್ಟ್ ಅಂದ್ರ ಕೆಳಗ ಸಹಿ ಬೇಕಲ್ರಿ? ಲೂಯಿ ವಿಟಾನ್ ಅನ್ನೂ ಫ್ರಾನ್ಸಿನ ಬ್ಯಾಗ್ ಕಂಪನಿಯವ್ರು 2003ರಾಗ ಜಪಾನಿನ ತಕಾಶಿ ಮುರಾಕಾಮಿ ಕಡಿಂದ ಬ್ಯಾಗಿನ ಮ್ಯಾಲೆ ಬಣ್ಣ ಬಣ್ಣದ ಅಕ್ಷರ ಬರಸಿದ್ರು, ಆಮ್ಯಾಲೆ ಯಾಯೊಯಿ ಕುಸಾಮಾ ಕಡಿಂದ ಚುಕ್ಕಿ ಇಡಸಿದ್ರು, ಬ್ಯಾಗ್ ಮಾರಾಟ ಆಗಿದ್ದ ಆ ಹೆಸರಿನ ಮ್ಯಾಲೆ. ಕಲಾವಿದರಿಗೆ ಹೆಸರು ಇರ್ತದ, ಆರ್ಟಿಸನ್ನಿಗೆ ಕ್ಲಸ್ಟರ್ ಇರ್ತದ, ಫರಕು ಅಷ್ಟ. 2025ರ ಜೂನಿನ್ಯಾಗ ಪ್ರಾಡಾ ಅನ್ನೂ ಇಟಲಿ ಫ್ಯಾಶನ್ ಕಂಪನಿಯವ್ರು ಮಿಲಾನ್ ಶೋದಾಗ ಕೊಲ್ಹಾಪುರಿ ಚಪ್ಪಲ್ಲಿನಂಥಾದ್ದ ತೋರಿಸಿ ಬರೇ ಲೆದರ್ ಸ್ಯಾಂಡಲ್ ಅಂದು ಬೈಸ್ಕೊಂಡ್ರಲ್ಲ, ಆಮ್ಯಾಲೆ ಅದು ಭಾರತದ್ದ ಪ್ರೇರಣಾ ಅಂತ ಒಪ್ಕೊಂಡ್ರು. ಆ ಚಪ್ಪಲ್ಲಿನ ಜಿಐ 2019ರಿಂದ ಮಹಾರಾಷ್ಟ್ರದ ನಾಕು, ನಮ್ಮ ನಾಕು ಜಿಲ್ಲಾಕ್ಕ ಕೂಡಿ ಐತಿ, ಬೆಳಗಾವಿ, ಬಾಗಲಕೋಟಿ, ವಿಜಯಪುರದ ಜೋಡಿ ಧಾರವಾಡನೂ ಅದ್ರಾಗ ಐತಿ, ನಮ್ಮವ್ರಿಗೇ ಭಾಳ ಮಂದಿಗೆ ಗೊತ್ತಿಲ್ಲ. ಆಗ ನಾವೆಲ್ಲಾ ಪ್ರಾಡಾಕ್ಕ ಬೈದ್ವಿ, ನಾನೂ ಸ್ಟೇಟಸ್ ಹಾಕಿದ್ದೆ. ಹುಬ್ಬಳ್ಳಿ ಎಸಿ ಅಂಗಡ್ಯಾಗ ಅದ ಕೆಲಸ ನಡದ್ರ ಲಿಂಬಿಹುಲ್ಲಿನ ಚಾ ಕುಡದು ಬರ್ತೀವಿ.

ಧಾರವಾಡದಾಗ ಅವ್ವನ ಪರಿಚಯದ ಕಸೂತಿ ಹಾಕೂ ಅಕ್ಕಾರು ಒಬ್ಬರಿದ್ದಾರ, ಅವರಿಗೆ ಕೊರಳಪಟ್ಟಿ ತೋರಿಸಿದೆ. ತಿರುಗಿಸಿ ನೋಡಿ, ಬಟ್ಟು ಇಟ್ಟು ಎಳಿ ಎಣಿಸಿ, ದಿನಕ್ಕ ಮೂರು ತಾಸಿನಂಗ ಕುಂತ್ರ ಎಂಟು ಹತ್ತು ದಿನದ ಕೆಲಸ, ಬಿಸಲಿದ್ದಾಗ ಮಾತ್ರ, ಕರೀ ಬಟ್ಟಿ ಮ್ಯಾಲೆ ಲೈಟಿನ್ಯಾಗ ಎಳಿ ಕಾಣಂಗಿಲ್ಲ ಅಂದ್ರು. ಚಂದ್ರಕಾಳಿ ಅಂತಾರಲ್ಲ, ಆ ಕರೀ ಸೀರಿ ಮ್ಯಾಲೆ ಸೆರಗ ತುಂಬ ಹಾಕಿದ್ರ ತಿಂಗಳುಗಟ್ಟಲೆ ಹಿಡೀತದಂತ. ಇಂಥಾ ಕೊರಳಪಟ್ಟಿಗೆ ಅಂಗಡ್ಯವ್ರು ಎಷ್ಟ ಕೊಡ್ತಾರ್ರಿ ಅಂತ ಕೇಳಿದೆ. ನಕ್ಕು ಚಾ ತರಾಕ ಒಳಗ ಹೋದ್ರು, ಬಂದ ಮ್ಯಾಲೆ ಮಳಿ ವಿಷಯ ತಗದ್ರು. ನಾನೂ ಮತ್ತ ಕೇಳ್ಲಿಲ್ಲ.

ಅಸ್ತರು ಮಾತ್ರ ನಾ ತಗಸಿಬಿಟ್ಟೆ. ಹುಬ್ಬಳ್ಳಿ ಬೆಂಗೇರಿ ಖಾದಿ ಸಂಘಕ್ಕ ಹೋಗಿ ತೆಳ್ಳನ ಹತ್ತಿ ಖಾದಿ ತಂದೆ. ಅದ ರೀ, 1957ರಾಗ ಶುರು ಆದದ್ದು, ದೇಶದ ರಾಷ್ಟ್ರಧ್ವಜ ಹೊಲಿಯೂ ಜಾಗಾ. ಧ್ವಜದ ಬಟ್ಟಿಗೆ ನೂಲಿನ ಎಣಿಕಿಂದ ಹಿಡದು ಬಣ್ಣ, ಅಳತಿ, ಹೊಲಿಗಿ ಎಲ್ಲಾ ಬಿಐಎಸ್ ಅನ್ನೂ ಗುಣಮಟ್ಟ ನೋಡೂ ಸರಕಾರಿ ಸಂಸ್ಥಾದ ಲೆಕ್ಕದಾಗ ಪಾಸಾಗಬೇಕು, ಒಂದು ತಪ್ಪಿದ್ರೂ ವಾಪಸ್. 2021ರ ಡಿಸೆಂಬರಿನ್ಯಾಗ ಧ್ವಜ ಸಂಹಿತಿ ತಿದ್ದಿ ಪಾಲಿಸ್ಟರ್ ಧ್ವಜ, ಮಶಿನ್ ಧ್ವಜ ಎಲ್ಲಾ ನಡೀತದ ಅಂದ್ಮ್ಯಾಲೆ ಅಲ್ಲಿ ಹೆಣ್ಮಕ್ಕಳ ಕೆಲಸಕ್ಕ ಪೆಟ್ಟು ಬಿತ್ತು. ಧ್ವಜಕ್ಕ ಪಾಲಿಸ್ಟರ್ ಬಂತು, ನನ್ನ ಜಾಕೆಟ್ಟಿನ್ಯಾಗ ಬಂದದ್ದೇನು ದೊಡ್ಡದಲ್ಲ ಬಿಡ್ರಿ. ಬಟ್ಟಿ, ಧಾರವಾಡದ ನಮ್ಮ ಟೇಲರ್ ಕೂಲಿ ಎಲ್ಲಾ ಕೂಡಿ 1,150 ಆತು. ತೋಳಿನ ಮಶಿನ್ ನವಿಲು ಹಂಗ ಬಿಟ್ಟೀನಿ, ಅಕ್ಕಾರಿಗೆ ಅದರ ಬದ್ಲಿ ಮುರ್ಗಿ ಹಾಕಿಕೊಡ್ರಿ ಅಂತ ಹೇಳೀನಿ, ಬ್ಯಾಸಿಗಿ ಬರ್ಲಿ ಅಂದಾರ, ರೇಟು ಅವರ ಹೇಳಬೇಕು ಅಂತ ಕರಾರು.

ಹಂಗಾರ ತಗೋಬೇಕೋ ಬ್ಯಾಡೋ? ಐದಕ್ಕ ಮೂರು ಕೊಡ್ತೀನಿ. ಎರಡೂವರಿ ಡಿಸೈನಿಗೆ ಮತ್ತ ಕೊರಳಪಟ್ಟಿಗೆ, ಅರ್ಧ ರಿಪೇರಿ ಮಾಡಿಕೊಟ್ಟಿದ್ದಕ್ಕ, ಕಾರ್ಡಿಗೆ ಸೊನ್ನಿ. ಹೋದ್ರ ಒಳಗಿನ ಮಗ್ಗಲ ತಿರುಗಿಸಿ ನೋಡ್ರಿ, ಒದ್ದಿ ಕರ್ಚಿಫ್ ಒಯ್ರಿ, ಕಡ್ಡಿಪೆಟಗಿ ಬ್ಯಾಡ, ಹೊರಗ ಹಾಕ್ತಾರ. ಬೆನ್ನಿನ ಮ್ಯಾಲೆ ಸೆರಗು ಬರೂ ಐಡಿಯಾ ಇಷ್ಟ ಆದ್ರ ನಿಮ್ಮ ಅವ್ವನ ಹಳೇ ಸೀರಿ ಒಯ್ದು ಊರಾಗಿನ ಟೇಲರ್ ಕಡೆ ಹೊಲಸ್ಕೊಳ್ರಿ, ನಡದ ಹತ್ರ ಜೋಡಣಿ ಬರದಂಗ ನೋಡ್ಕೊಳ್ರಿ.

ಹೋದ ವಾರ ಭಾಂಡೆ ಮಾರಾಕಿ ನಮ್ಮ ಓಣಿಗೆ ಬಂದಿದ್ಲು. ಅವ್ವ ಕಟ್ಟಿ ಮ್ಯಾಲೆ ಕುಂತು ಚೂಡಿದಾರ, ಅಂಗಿ ಎಲ್ಲಾ ತಗದು ಇಟ್ಲು, ಇಲಕಲ್ ಸೀರಿ ಗಂಟು ಮಾತ್ರ ಕಾಲಡಿ ಇಟ್ಕೊಂಡಿದ್ಲು. ಅದು ಕಂಡದ್ದ ತಡ ಆಕಿ ಬುಟ್ಟಿ ಇಳಿಸಿ ಸಮೀಪ ಸರದ್ಲು. ಅದು ಕೊಡಂಗಿಲ್ಲವ್ವ, ಈಗ ಹುಬ್ಬಳ್ಳ್ಯಾಗ ಅದಕ್ಕ ಹದಿನಾರು ಸಾವಿರ ಐತಿ ಅಂದ್ಲು ಅವ್ವ. ಎಂಟು ಅಂತ ಹೇಳಿದ್ದು ನಾನು, ಆಕಿಗೆ ಯಾವಾಗ ಗೊತ್ತಾತೋ ದೇವರಿಗೇ ಗೊತ್ತು. ಭಾಂಡೆಯಾಕಿ ಜಗ್ಗಲಿಲ್ಲ. "ಗೊತ್ತೈತಿ ಬಿಡ್ರಿ ಯವ್ವಾ, ಕರೀ ಇಲಕಲ್ ನಮ್ಮ ಕಡಿಂದನ ಒಯ್ತಾರ ಅವರು" ಅಂದು ಬುಟ್ಟ್ಯಾಗ ಕೈ ಹಾಕಿ, "ಎರಡು ಡಬ್ಬಿ ಕೊಡ್ತೀನಿ, ಮುಚ್ಚಳ ಸಹಿತ."